ಬರ, ಉಪ್ಪು ತಟ್ಟುವ ಮೊದಲೇ ಬೇರಿಗೆ ಬ್ಯಾಕ್ಟೀರಿಯಾ ಹತ್ತಿಸಿ

ಮಳೆ ಹೋಗಿ ಹತ್ತು ದಿನ ಆಗಿದೆ. ಮಧ್ಯಾಹ್ನ ಹೊಲಕ್ಕೆ ಹೋಗಿ ನೋಡಿದರೆ ಮೆಕ್ಕೆಜೋಳದ ಎಲೆಗಳೆಲ್ಲ ಕೊಳವೆಯ ಹಾಗೆ ಸುತ್ತಿಕೊಂಡು ನಿಂತಿವೆ. ಆಗ ಜನ ಕೇಳುವುದು ಒಂದೇ ಮಾತು: ಯಾವುದಾದರೂ ಒಳ್ಳೆ ಬ್ಯಾಕ್ಟೀರಿಯಾ ಇದ್ದರೆ ಹೇಳಿ, ಸಿಂಪಡಿಸಿ ಬೆಳೆ ಉಳಿಸಿಕೊಳ್ಳುತ್ತೇನೆ ಅಂತ. ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ಹೊತ್ತಿಗೆ ತಡವಾಗಿರುತ್ತದೆ. ಬ್ಯಾಕ್ಟೀರಿಯಾಗಳೂ ಜೀವಿಗಳೇ. ಅವು ಬೇರಿನ ಮೇಲೆ ನೆಲೆ ಕಂಡುಕೊಳ್ಳಬೇಕು, ಅಲ್ಲೇ ಹೆಚ್ಚಬೇಕು, ಅದಕ್ಕೆಲ್ಲ ತೇವ ಬೇಕು. ಒಣಗಿದ ಮಣ್ಣಿಗೆ ಸುರಿದರೆ ಬೆಳೆಗಿಂತ ಮೊದಲು ಅವೇ ಸಾಯುತ್ತವೆ.

ಅದಕ್ಕೇ ಈ ಲೇಖನದ ಎಲ್ಲ ಹಂತಗಳೂ ಒಂದೇ ಕೆಲಸದ ಸುತ್ತ ತಿರುಗುತ್ತವೆ: ಸರಿಯಾದ ಬ್ಯಾಕ್ಟೀರಿಯಾ, ಜೀವ ಇರುವಾಗಲೇ, ಕಷ್ಟ ಬರುವ ಮೊದಲೇ ಬೇರಿಗೆ ತಲುಪಬೇಕು.

ಬೇರಿನ ಹತ್ತಿರ ಏನು ನಡೆಯುತ್ತದೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ, ಇಲ್ಲದಿದ್ದರೆ ಸುಮ್ನೆ ಪಟ್ಟಿ ನೋಡಿಕೊಂಡು ಮಾಡಿದಂತಾಗುತ್ತದೆ. ಗಿಡ ತಾನು ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನಿಂದ ಹೊರಗೆ ಬಿಡುತ್ತದೆ. ಅದನ್ನು ತಿನ್ನಲು ಬ್ಯಾಕ್ಟೀರಿಯಾ ಮುತ್ತುತ್ತವೆ. ಬೇರಿನ ಸುತ್ತಲಿನ ಈ ತೆಳು ಮಣ್ಣಿಗೆ 1904ರಲ್ಲಿ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ರೈಜೋಸ್ಫಿಯರ್ ಅಂತ ಹೆಸರಿಟ್ಟರು.

ಗೋಧಿ ಗಿಡವೊಂದನ್ನು ಸಲಿಕೆಯಿಂದ ಅಗೆದು ಮೆಲ್ಲಗೆ ಕೊಡವಿ ನೋಡಿ. ಕಿತ್ತರೆ ಬೇರು ಹರಿದುಹೋಗುತ್ತದೆ, ಅಗೆದೇ ತೆಗೆಯಬೇಕು. ಸಡಿಲ ಮಣ್ಣೆಲ್ಲ ಉದುರಿದ ಮೇಲೂ ಬೇರಿಗೆ ಅಂಗಿಯ ತೋಳು ತೊಡಿಸಿದ ಹಾಗೆ ಮಣ್ಣಿನ ಒಂದು ಪದರ ಅಂಟಿಕೊಂಡಿರುತ್ತದೆ. ತುದಿ ಮಾತ್ರ ಬೆಳ್ಳಗೆ, ಬೋಳಾಗಿ ಕಾಣುತ್ತದೆ. ಆ ಪದರವನ್ನು ಹಿಡಿದಿಟ್ಟಿರುವುದು ಬೇರುಗೂದಲು ಮತ್ತು ಅಂಟು. ಆ ಅಂಟಿನಲ್ಲಿ ಒಂದು ಭಾಗ ಗಿಡದ್ದು, ಇನ್ನೊಂದು ಭಾಗ ಬ್ಯಾಕ್ಟೀರಿಯಾದ್ದು. ಅಂಟು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಸುತ್ತಲಿನ ಮಣ್ಣು ಒಣಗಿದರೂ ಬೇರಿಗೂ ಮಣ್ಣಿಗೂ ನಡುವಿನ ಸಂಪರ್ಕ ಅಷ್ಟು ಬೇಗ ಕಡಿಯುವುದಿಲ್ಲ. ಸವಳು ಮಣ್ಣಿನಲ್ಲಿ ಇದೇ ಅಂಟು ಸೋಡಿಯಂನ ಒಂದಷ್ಟು ಪಾಲನ್ನು ತನ್ನಲ್ಲೇ ಕಟ್ಟಿಹಾಕುತ್ತದೆ.

ಬ್ಯಾಕ್ಟೀರಿಯಾದ ಎರಡನೆಯ ಕೆಲಸ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ನೀರು ಕಡಿಮೆಯಾದಾಗ, ಉಪ್ಪು ಜಾಸ್ತಿಯಾದಾಗ ಗಿಡದಲ್ಲಿ ಎಸಿಸಿ ಅನ್ನುವ ಪದಾರ್ಥ ಹೆಚ್ಚುತ್ತದೆ, ಅದರಿಂದ ಎಥಿಲೀನ್ ಆಗುತ್ತದೆ. ಹಣ್ಣು ಮಾಗಿಸುತ್ತದಲ್ಲ, ಅದೇ ಅನಿಲ. ಅದು ಮಿತಿಮೀರಿದರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ, ಎಲೆ ಬೇಗ ಹಳದಿಯಾಗುತ್ತದೆ. ಅಂದರೆ ನೀರು ಹುಡುಕಿಕೊಂಡು ಬೇರು ಆಳಕ್ಕೆ ಇಳಿಯಬೇಕಾದ ಹೊತ್ತಿನಲ್ಲೇ ಗಿಡ ತನ್ನ ಬೇರನ್ನು ತಾನೇ ತಡೆದುಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವ ಇದೆ. ಬೇರಿನಿಂದ ಹೊರಬಂದ ಎಸಿಸಿಯನ್ನು ಒಡೆದು, ಅದರ ಸಾರಜನಕವನ್ನು ಇವು ತಮಗೆ ಆಹಾರ ಮಾಡಿಕೊಳ್ಳುತ್ತವೆ. ಎಸಿಸಿ ಕಡಿಮೆಯಾದಷ್ಟೂ ಎಥಿಲೀನ್ ಕಡಿಮೆ, ಬೇರು ಬೆಳೆಯುತ್ತಲೇ ಹೋಗುತ್ತದೆ. ಬರ್ನಾರ್ಡ್ ಗ್ಲಿಕ್ ಮತ್ತು ಜೊತೆಗಾರರು 1998ರಲ್ಲಿ ಈ ವಿವರಣೆ ಮುಂದಿಟ್ಟರು.

ಇನ್ನು ಕೆಲವು ಆಕ್ಸಿನ್ ಜಾತಿಯ ಹಾರ್ಮೋನ್ ಬಿಟ್ಟು ಕವಲುಬೇರು, ಬೇರುಗೂದಲು ಹೆಚ್ಚಿಸುತ್ತವೆ. ಕೆಲವು ರಂಜಕ ಕರಗಿಸುತ್ತವೆ, ಕಬ್ಬಿಣ ಒದಗಿಸುತ್ತವೆ.

ಇಷ್ಟೆಲ್ಲ ಆದರೂ ನೀರಿಲ್ಲದ ಕಡೆ ಇವು ನೀರು ಹುಟ್ಟಿಸುವುದಿಲ್ಲ. ಮಳೆ ತಡವಾದಾಗ ಬೆಳೆಗೆ ಕೆಲವು ದಿನಗಳ ತಾಳಿಕೆ ಸಿಗುತ್ತದೆ, ಅಷ್ಟನ್ನು ನಿರೀಕ್ಷಿಸಿ. ಕುಂಡದಲ್ಲಿ ಕಂಡಷ್ಟು ವ್ಯತ್ಯಾಸ ಹೊಲದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಏನೂ ಕಾಣದೆಯೂ ಇರಬಹುದು. ಆದರೂ ಹೂವಾಡುವ ಹೊತ್ತಿನಲ್ಲಿ ಸಿಗುವ ನಾಲ್ಕು ದಿನ ಸಣ್ಣದಲ್ಲ. ಮೆಕ್ಕೆಜೋಳದಲ್ಲಿ ಆಗ ನೀರಿನ ಕೊರತೆಯಾದರೆ ಮೇಲಿನ ಹೂವು ಪರಾಗ ಉದುರಿಸಿದ ಮೇಲೆ ತಡವಾಗಿ ತೆನೆಯ ರೇಷ್ಮೆ ಹೊರಬರುತ್ತದೆ, ಕಾಳು ಸರಿಯಾಗಿ ಕಟ್ಟುವುದಿಲ್ಲ.

ಹಂತ 1: ನಿಮ್ಮ ಬೆಳೆಯ ಕಷ್ಟ ಯಾವುದು?

ಬಾಡಿದ ಬೆಳೆ ಕಂಡ ಕೂಡಲೇ ನೀರಿನ ಕೊರತೆ ಅಂದುಕೊಳ್ಳಬೇಡಿ. ಉಪ್ಪು ಜಾಸ್ತಿಯಾದರೂ ಗಿಡ ಹಾಗೇ ಬಾಡುತ್ತದೆ, ಅದೂ ಮಣ್ಣು ಒದ್ದೆಯಾಗಿರುವಾಗಲೇ. ಹಳೆಯ ಎಲೆಗಳ ತುದಿ ಸುಟ್ಟಂತೆ ಕಂಡರೆ, ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಮಣ್ಣು ಪರೀಕ್ಷೆ ಮಾಡಿಸಿ, ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) ಎಷ್ಟಿದೆ ಅಂತ ಕೇಳಿ. ಒಂದೊಂದು ಬೆಳೆಗೆ ಒಂದೊಂದು ಮಿತಿ ಇದೆ. ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ಕಲಸಿ, ಅದರ ರಸ ತೆಗೆದು ಅಳೆಯುವ ಸ್ಯಾಚುರೇಟೆಡ್ ಪೇಸ್ಟ್ ಲೆಕ್ಕದಲ್ಲಿ ಮೆಕ್ಕೆಜೋಳಕ್ಕೆ ಸುಮಾರು 1.7, ಭತ್ತಕ್ಕೆ 3, ಗೋಧಿಗೆ 6, ಜೋಳಕ್ಕೆ 6.8, ಬಾರ್ಲಿಗೆ 8 ಡೆಸಿಸೀಮೆನ್ಸ್ (ಪ್ರತಿ ಮೀಟರ್‌ಗೆ) ದಾಟಿದ ಮೇಲೆ ಇಳುವರಿ ಇಳಿಯಲು ಶುರುವಾಗುತ್ತದೆ. ಪ್ರಯೋಗಾಲಯ ಬೇರೆ ವಿಧಾನದಲ್ಲಿ ಅಳೆದಿದ್ದರೆ ಅಂಕಿ ಬೇರೆಯೇ ಬರುತ್ತದೆ, ಆದ್ದರಿಂದ ವಿಧಾನ ಯಾವುದು ಅಂತ ಕೇಳಿಯೇ ಹೋಲಿಸಿ. ಮಿತಿಗಿಂತ ಸ್ವಲ್ಪ ಮೇಲಿದ್ದರೆ ಬ್ಯಾಕ್ಟೀರಿಯಾದಿಂದ ನೆರವು ಸಿಗಬಹುದು. ಎರಡು ಮೂರು ಪಟ್ಟು ದಾಟಿದ್ದರೆ ಮೊದಲು ನೀರು ಬಸಿದುಹೋಗುವ ದಾರಿ ಮಾಡಿ.

ಹಂತ 2: ಬ್ಯಾಕ್ಟೀರಿಯಾ ಆರಿಸಿಕೊಳ್ಳಿ

ಇಲ್ಲಿ ಮೊದಲ ತಪ್ಪು ರೈಜೋಬಿಯಂ ತರುವುದು. ಅದು ಬೇಳೆಕಾಳಿನ ಗಿಡಗಳ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ, ಗೋಧಿ, ಭತ್ತ, ರಾಗಿಯಲ್ಲಿ ಗಂಟು ಕಟ್ಟುವುದಿಲ್ಲ. ಧಾನ್ಯದ ಬೆಳೆಗೆ ಮುಖ್ಯವಾಗಿ ನೋಡಬೇಕಾದದ್ದು ಮೂರು ಗುಂಪು.

ಅಝೋಸ್ಪಿರಿಲಂ ಹುಲ್ಲು ಜಾತಿಯ ಬೇರುಗಳನ್ನು ತುಂಬಾ ಇಷ್ಟಪಡುತ್ತದೆ. ಬ್ರೆಜಿಲ್‌ನಲ್ಲಿ ಯೊಹಾನಾ ಡೊಬೆರೈನರ್ 1970ರ ದಶಕದಲ್ಲಿ ಇದರ ಮೇಲೆ ಮಾಡಿದ ಕೆಲಸದಿಂದ ಜಗತ್ತಿನ ಗಮನ ಇದರ ಕಡೆ ತಿರುಗಿತು. ಇವತ್ತು ಅಲ್ಲಿ ಮೆಕ್ಕೆಜೋಳ, ಗೋಧಿಗೆ ಇದನ್ನು ದೊಡ್ಡ ಮಟ್ಟದಲ್ಲಿ ಬಳಸುತ್ತಾರೆ. ಗಾಳಿಯ ಸಾರಜನಕವನ್ನು ಸ್ವಲ್ಪ ಸ್ಥಿರೀಕರಿಸುತ್ತದೆ, ಅಂದರೆ ಗಿಡಕ್ಕೆ ಸಿಗುವ ರೂಪಕ್ಕೆ ತರುತ್ತದೆ ನಿಜ, ಆದರೆ ಇದರ ದೊಡ್ಡ ಉಪಕಾರ ಬೇರು ಹೆಚ್ಚಿಸುವುದು. ಬೇರು ಹೆಚ್ಚಿದರೆ ನೀರು, ಗೊಬ್ಬರ ಎರಡೂ ಜಾಸ್ತಿ ಸಿಗುತ್ತವೆ.

ಬ್ಯಾಸಿಲಸ್ ಗಟ್ಟಿ ಜೀವ. ಕಷ್ಟಕಾಲದಲ್ಲಿ ಬೀಜಾಣುವಾಗಿ, ಅಂದರೆ ಗಟ್ಟಿ ಕವಚದೊಳಗೆ ಸೇರಿಕೊಂಡು ನಿದ್ದೆ ಹೋಗುತ್ತದೆ, ತೇವ ಮತ್ತು ಆಹಾರ ಸಿಕ್ಕಾಗ ಏಳುತ್ತದೆ. ಬಿಸಿಲಿನ ಜಾಗದಲ್ಲಿ, ಶೀತಲ ವ್ಯವಸ್ಥೆ ಇಲ್ಲದ ಕಡೆ ಇದನ್ನೇ ಆರಿಸಿ ಅಂತ ನಾನು ಹೇಳುತ್ತೇನೆ. ಸ್ಯೂಡೋಮೊನಾಸ್ ಬೇರಿನ ಮೇಲೆ ಬೇಗ ಹರಡುತ್ತದೆ, ಅದರ ಹಲವು ತಳಿಗಳಲ್ಲಿ ಮೇಲೆ ಹೇಳಿದ ಕಿಣ್ವವೂ ಇದೆ, ಆದರೆ ಬೀಜಾಣು ಮಾಡುವುದಿಲ್ಲವಾದ್ದರಿಂದ ಒಣಗಿದರೆ, ಬಿಸಿಯಾದರೆ ಬೇಗ ಸಾಯುತ್ತದೆ.

ಹೆಸರು ಒಂದೇ ಆದರೂ ತಳಿ ಬೇರೆಯಾದರೆ ಗುಣ ಬೇರೆ. ನಮ್ಮ ಬೆಳೆಗಳಲ್ಲಿ ಇರುವ ಹಾಗೇ ಅಲ್ವಾ? ಎಲ್ಲ ಗೋಧಿಯೂ ಬರ ತಡೆಯುವುದಿಲ್ಲ. ಚೀಟಿಯಲ್ಲಿ ಬರೀ "ಉಪಯುಕ್ತ ಜೀವಾಣು" ಅಂತಿದ್ದರೆ ಬಿಟ್ಟುಬಿಡಿ. ಬ್ಯಾಕ್ಟೀರಿಯಾದ ಹೆಸರು, ಆದಷ್ಟೂ ತಳಿಯ ಸಂಖ್ಯೆ ಇರಬೇಕು. ಎಲ್ಲಿಂದಲೋ ಮಣ್ಣು ತಂದು ಮನೆಯಲ್ಲಿ ಬೆಳೆಸಿಕೊಳ್ಳುವ ಸಾಹಸವೂ ಬೇಡ, ಬೇರಿಗೆ ಒಳ್ಳೆಯದು ಮಾಡುವ ಗುಂಪುಗಳಲ್ಲೇ ಮನುಷ್ಯರಿಗೆ ಸೋಂಕು ತರುವ ನೆಂಟರೂ ಇದ್ದಾರೆ.

ಹಂತ 3: ಪ್ಯಾಕೆಟ್ ನೋಡಿ, ತಂಪಾಗಿಡಿ

ತಯಾರಾದ ದಿನ, ಕೊನೆಯ ದಿನ, ಒಂದು ಗ್ರಾಂ ಅಥವಾ ಒಂದು ಮಿಲಿಲೀಟರ್‌ಗೆ ಎಷ್ಟು ಜೀವಂತ ಕಣ ಅನ್ನುವುದು, ಈ ಮೂರನ್ನು ಓದದೆ ಕೊಳ್ಳಬೇಡಿ. ಗ್ರಾಂಗೆ 5 ಕೋಟಿಗಿಂತ ಕಡಿಮೆ ಇದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ಬ್ಯಾಕ್ಟೀರಿಯಾ ಬೆರೆಸಿದ ಲಿಗ್ನೈಟ್ (ಕಂದು ಕಲ್ಲಿದ್ದಲು) ಅಥವಾ ಪೀಟ್ (ಜವುಗಿನಲ್ಲಿ ಅರೆಕೊಳೆತ ಸಸ್ಯ) ಪುಡಿಯಾಗಿದ್ದರೆ ಮುಟ್ಟಿದಾಗ ಸ್ವಲ್ಪ ತೇವ ಇರಬೇಕು, ಧೂಳಿನ ಹಾಗೆ ಹಾರಿದರೆ ಒಳಗಿನ ಅಝೋಸ್ಪಿರಿಲಂ ಬಹುಪಾಲು ಹೋಗಿದೆ ಅಂತಲೇ ಲೆಕ್ಕ. ದ್ರವದ ಬಾಟಲಿ ಉಬ್ಬಿದ್ದರೆ, ಕೊಳೆತ ವಾಸನೆ ಬಂದರೆ ವಾಪಸ್ ಕೊಡಿ.

ಒಂದು ಸಲ ಒಳ್ಳೆಯ ಪುಡಿಯನ್ನೇ ತಂದು, ಬಿತ್ತನೆಗೆ ಇನ್ನೂ ವಾರ ಇದೆಯಲ್ಲ ಅಂತ ತಗಡಿನ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಮೇಲೆ ಇಟ್ಟಿದ್ದೆ. ಆ ವಾರ ಪೂರ್ತಿ ಬಿಸಿಲು. ಆ ಸಲ ಹಾಕಿದ ಸಾಲಿಗೂ ಹಾಕದ ಸಾಲಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಆಮೇಲಿಂದ ಮನೆಯೊಳಗೆ, ನೆರಳಿನಲ್ಲಿ, ನೆಲಕ್ಕೆ ತಾಗುವ ಹಾಗೆ ಇಡುತ್ತೇನೆ. ಗೊಬ್ಬರ, ಕೀಟನಾಶಕದ ಜೊತೆ ಇಡುವುದಿಲ್ಲ. ಬಿತ್ತನೆಗೆ ಎಷ್ಟು ಬೇಕೋ ಅಷ್ಟೇ, ಆದಷ್ಟು ಹತ್ತಿರದ ದಿನ ತನ್ನಿ.

ಹಂತ 4: ಮೊದಲು ಕುಂಡದಲ್ಲಿ ನೋಡಿ

ಬಹಳ ಜನ ಈ ಹಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಐದಾರು ವಾರದ ಕೆಲಸ ಅಷ್ಟೇ. ಒಂದೇ ಅಳತೆಯ ಹನ್ನೆರಡು ಕುಂಡ ತೆಗೆದುಕೊಂಡು ನಿಮ್ಮ ಹೊಲದ್ದೇ ಮಣ್ಣು ತುಂಬಿ. ತೂಕ ಮಾಡಿ ತುಂಬಿದರೆ ಒಳ್ಳೆಯದು. ಆರಕ್ಕೆ ಹಂತ 5ರಲ್ಲಿ ಹೇಳುವ ಹಾಗೆ ಬ್ಯಾಕ್ಟೀರಿಯಾ ಹಚ್ಚಿ ಉಪಚಾರ ಮಾಡಿದ ಬೀಜ, ಇನ್ನಾರಕ್ಕೆ ಸತ್ತ ಬ್ಯಾಕ್ಟೀರಿಯಾ ಹಚ್ಚಿದ ಬೀಜ.

ಸತ್ತದ್ದು ಯಾಕೆ ಅಂದರೆ, ಪುಡಿಯಲ್ಲಿ ಬ್ಯಾಕ್ಟೀರಿಯಾ ಜೊತೆಗೆ ಲಿಗ್ನೈಟ್ ಇದೆ, ಅಂಟಿಗೆ ಹಾಕಿದ ಸಕ್ಕರೆ ಇದೆ, ಅವುಗಳಿಂದಲೇ ಸ್ವಲ್ಪ ಬದಲಾವಣೆ ಆಗಬಹುದು. ಬರೀ ಒಣ ಬೀಜದ ಜೊತೆ ಹೋಲಿಸಿದರೆ ಅದು ಯಾವುದರ ಫಲ ಅಂತ ಗೊತ್ತಾಗುವುದಿಲ್ಲ. ಪುಡಿಯ ಒಂದು ಪಾಲನ್ನು ನೀರಿನಲ್ಲಿ ಕಲಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಪ್ರೆಶರ್ ಕುಕ್ಕರ್‌ನಲ್ಲಿ ಅರ್ಧ ಗಂಟೆ ಇಡಿ. ಬರೀ ಕುದಿಸಿದರೆ ಸಾಲದು. ಬ್ಯಾಸಿಲಸ್‌ನ ಬೀಜಾಣುಗಳು ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ, ಅವಕ್ಕೆ 121 ಡಿಗ್ರಿಯ ಹಬೆಯೇ ಬೇಕು.

ಮೂರು ವಾರ ಎಲ್ಲ ಕುಂಡಕ್ಕೂ ಒಂದೇ ಅಳತೆಯ ನೀರು ಹಾಕಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ. ಆಮೇಲೆ ನೀರು ನಿಲ್ಲಿಸಿ. ದಿನಾ ಬೆಳಗ್ಗೆ ಬಿಸಿಲೇರುವ ಮೊದಲು ನೋಡಿ. ಮಧ್ಯಾಹ್ನ ಎಲೆ ಸುತ್ತಿಕೊಳ್ಳುವುದು ಸಹಜ, ಬೆಳಗ್ಗೆಯೂ ಬಿಚ್ಚಿಕೊಳ್ಳದೆ ಹಾಗೇ ಇದ್ದರೆ ಗಿಡ ನಿಜಕ್ಕೂ ಕಷ್ಟದಲ್ಲಿದೆ. ಪ್ರತಿ ಕುಂಡಕ್ಕೂ ಆ ದಿನ ಬರೆದಿಡಿ. ಬಾಡಿದ ಮೇಲೆ ನೀರು ಕೊಟ್ಟು ಎಷ್ಟು ಗಿಡ ಚೇತರಿಸಿಕೊಂಡವು ಅಂತಲೂ ನೋಡಿ. ಕುಂಡಕ್ಕೆ ಬರೀ ಸಂಖ್ಯೆ ಬರೆದು, ಯಾವುದು ಯಾವುದು ಅಂತ ಗೊತ್ತಿಲ್ಲದವರಿಂದ ನೋಡಿಸಿದರೆ ಇನ್ನೂ ಒಳ್ಳೆಯದು, ನಮ್ಮ ಕಣ್ಣು ನಮಗೆ ಬೇಕಾದದ್ದನ್ನೇ ಕಾಣುತ್ತದೆ.

ಹಂತ 5: ಬೀಜಕ್ಕೆ ಹಚ್ಚುವುದು

ಇದೇ ಎಲ್ಲಕ್ಕಿಂತ ಕಡಿಮೆ ಖರ್ಚಿನ, ಬೇರಿಗೆ ಎಲ್ಲಕ್ಕಿಂತ ಹತ್ತಿರದ ದಾರಿ. ಪ್ಯಾಕೆಟ್ ಮೇಲೆ ಬರೆದ ಪ್ರಮಾಣವೇ ಮೊದಲು. ಪುಡಿಗೆ ಸಾಮಾನ್ಯವಾಗಿ 10 ಕಿಲೋ ಬೀಜಕ್ಕೆ 200 ಗ್ರಾಂ.

ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಅಥವಾ ಸಕ್ಕರೆ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬೆಚ್ಚಗಿರುವಾಗ ಪುಡಿ ಹಾಕಬೇಡಿ, ಕೈಯಿಟ್ಟರೆ ತಣ್ಣಗಿರಬೇಕು. ನಲ್ಲಿ ನೀರಾದರೆ ಕುದಿಸುವುದರಿಂದಲೇ ಕ್ಲೋರಿನ್ ಹೋಗುತ್ತದೆ. ಬೇರೆ ಕಡೆ ತಣ್ಣೀರು ಬಳಸುವುದಾದರೆ ಬಾಯಿ ಅಗಲದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟ ನೀರು ಬಳಸಿ, ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಸಾಯಿಸಲಿಕ್ಕೆ ತಾನೆ.

ಪುಡಿಯನ್ನು ಈ ನೀರಿನಲ್ಲಿ ಗಂಜಿಯ ಹದಕ್ಕೆ ಕಲಸಿ ಬೀಜದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಎರಡೂ ಕೈಯಿಂದ ಮೆಲ್ಲಗೆ ಹೊರಳಿಸಿ. ಎಲ್ಲ ನೀರನ್ನೂ ಹಾಕಲೇಬೇಕು ಅಂತಿಲ್ಲ. ಬೀಜಗಳೆಲ್ಲ ತೆಳುವಾಗಿ ಕಪ್ಪಾಗಬೇಕು, ತಳದಲ್ಲಿ ನೀರು ನಿಲ್ಲಬಾರದು. ರಾಗಿ, ಸಜ್ಜೆಯಂಥ ಸಣ್ಣ ಬೀಜ ನೀರು ಜಾಸ್ತಿಯಾದರೆ ಮುದ್ದೆಗಟ್ಟುತ್ತದೆ, ಅವಕ್ಕೆ ಅರ್ಧಕ್ಕಿಂತ ಕಡಿಮೆಯಲ್ಲಿ ಶುರು ಮಾಡಿ. ಗೋಣಿ ಅಥವಾ ಟಾರ್ಪಾಲಿನ ಮೇಲೆ ನೆರಳಿನಲ್ಲಿ ಅರ್ಧ ಗಂಟೆ ಹರಡಿ. ಬೀಜ ಒಂದಕ್ಕೊಂದು ಅಂಟದೆ ಉದುರಿದರೆ ಸಾಕು, ಗರಿಗರಿ ಒಣಗಿಸಬೇಡಿ. ಅದೇ ದಿನ, ಆದಷ್ಟು ಸಂಜೆ ಹೊತ್ತಿಗೆ, ತೇವ ಇರುವ ಮಣ್ಣಿಗೆ ಬಿತ್ತಿ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆಮೇಲೆ ಕೈ ಸೋಪಿನಲ್ಲಿ ತೊಳೆಯಿರಿ.

ಇಷ್ಟು ಜೋಪಾನ ಯಾಕೆ ಅಂತ ಅನ್ನಿಸಿದರೆ ಒಂದು ಲೆಕ್ಕ ನೋಡಿ. ಸಾವಿರ ಗೋಧಿ ಕಾಳು ಸುಮಾರು 40 ಗ್ರಾಂ ತೂಗುತ್ತವೆ, ಅಂದರೆ 10 ಕಿಲೋದಲ್ಲಿ ಎರಡೂವರೆ ಲಕ್ಷ ಕಾಳು. ಗ್ರಾಂಗೆ 5 ಕೋಟಿಯಂತೆ 200 ಗ್ರಾಂ ಪುಡಿಯಲ್ಲಿ 1,000 ಕೋಟಿ ಬ್ಯಾಕ್ಟೀರಿಯಾ. ಒಂದೂ ನಷ್ಟವಾಗದೆ ಅಂಟಿದರೆ ಕಾಳಿಗೆ 40 ಸಾವಿರ. ಹತ್ತರಲ್ಲಿ ಒಂಬತ್ತು ಸತ್ತರೆ ಬರೀ ನಾಲ್ಕು ಸಾವಿರ. ಅವು ಹೋಗಿ ಇಳಿಯುವುದು ಒಂದೊಂದು ಗ್ರಾಂನಲ್ಲೂ ಕೋಟಿಗಟ್ಟಲೆ ಹಳೆಯ ಬ್ಯಾಕ್ಟೀರಿಯಾ ತುಂಬಿರುವ ಮಣ್ಣಿಗೆ.

ಶಿಲೀಂಧ್ರನಾಶಕ ಹಚ್ಚಲೇಬೇಕಿದ್ದರೆ? ಮೊದಲು ಅದನ್ನು ಹಚ್ಚಿ, ಪೂರ್ತಿ ಒಣಗಿಸಿ, ಬಿತ್ತುವ ಮುಂಚೆ ಕೊನೆಯದಾಗಿ ಬ್ಯಾಕ್ಟೀರಿಯಾ ಹಚ್ಚಿ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಬೇಡಿ. ತಾಮ್ರದ ಔಷಧಿಯಂತೂ ಬ್ಯಾಕ್ಟೀರಿಯಾಕ್ಕೆ ನೇರ ವಿಷ. ಬೀಜಕ್ಕೆ ಮೊದಲೇ ಬಣ್ಣದ ಔಷಧಿ ಲೇಪ ಆಗಿದ್ದರೆ ನಾನು ಬೀಜದ ಗೊಡವೆಗೇ ಹೋಗದೆ ಸಾಲಿಗೆ ಹಾಕುತ್ತೇನೆ.

ಹಂತ 6: ಸಸಿಗೆ, ಸಾಲಿಗೆ

ನಾಟಿ ಭತ್ತಕ್ಕೆ, ನಾಟಿ ರಾಗಿಗೆ ಬೇರು ಅದ್ದುವುದು ಸುಲಭ. ಬ್ಯಾಕ್ಟೀರಿಯಾ ಕಲಸಿದ ನೀರನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ, ಸಸಿಯ ಕಂತೆಯ ಬೇರು ಮಾತ್ರ ಮುಳುಗುವಂತೆ 20ರಿಂದ 30 ನಿಮಿಷ ನೆರಳಿನಲ್ಲಿ ಇಟ್ಟು ಕೂಡಲೇ ನಾಟಿ ಮಾಡಿ.

ಸಾಲಿಗೆ ಹಾಕುವುದಾದರೆ ಎಕರೆಗೆ ಸುಮಾರು 2 ಕಿಲೋ ಪುಡಿಯನ್ನು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿ ಐದಾರು ದಿನ ಬಿಡಿ. ಗೊಬ್ಬರ ಹಸಿಯಾಗಿದ್ದರೆ ಒಳಗೆ ಕಾವು ಏರುತ್ತದೆ. ಕೈ ಹಾಕಿ ನೋಡಿ, ಬಿಸಿ ಅನ್ನಿಸಿದರೆ ಅದಕ್ಕೆ ಬ್ಯಾಕ್ಟೀರಿಯಾ ಬೆರೆಸಬೇಡಿ. ಬಿತ್ತುವಾಗ ಸಾಲಿಗೆ ಹಾಕಿ ಮಣ್ಣು ಮುಚ್ಚಿ, ಮೇಲೆ ಹರಡಿ ಬಿಸಿಲಿಗೆ ಬಿಡಬೇಡಿ. ಹನಿ ನೀರಾವರಿ ಇದ್ದರೆ ದ್ರವ ರೂಪದ್ದನ್ನು ಮೊದಲ ಮೂರು ವಾರದೊಳಗೆ ನೀರಿನ ಜೊತೆ ಬೇರಿಗೆ ಬಿಡಬಹುದು.

ಯೂರಿಯಾ ಪೂರ್ತಿ ನಿಲ್ಲಿಸಬೇಡಿ. ಹಾಗೆ ಮಾಡಿ ಇಳುವರಿ ಕಳೆದುಕೊಂಡವರನ್ನು ನೋಡಿದ್ದೇನೆ. ಬಿತ್ತನೆಗೇ ಎಲ್ಲ ಸಾರಜನಕ ಸುರಿದರೆ ಅಝೋಸ್ಪಿರಿಲಂ ತಾನು ಸ್ಥಿರೀಕರಿಸುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಕಂತುಗಳಲ್ಲಿ ಕೊಡಿ. ಕಡಿಮೆ ಮಾಡುವುದಿದ್ದರೆ ಒಂದು ಪಟ್ಟಿಯಲ್ಲಿ ಮಾತ್ರ ಮಾಡಿ ನೋಡಿ.

ಹಂತ 7: ಹಾಕದ ಪಟ್ಟಿ ಬಿಡಿ

ಹೊಲದ ಒಂದು ಮೂಲೆ ಬಿಟ್ಟರೆ ಸಾಲದು, ಆ ಮೂಲೆಯ ಮಣ್ಣೇ ಬೇರೆ ಇರಬಹುದು. ಕನಿಷ್ಠ ಮೂರು ಕಡೆ, ಹಾಕಿದ ಪಟ್ಟಿಯ ಪಕ್ಕದಲ್ಲೇ ಹಾಕದ ಪಟ್ಟಿ ಇರಲಿ. ಹಾಕದ ಬೀಜವನ್ನೇ ಮೊದಲು ಬಿತ್ತಿ. ಉಪಚಾರದ ಬೀಜ ಮೊದಲು ಹೋದರೆ ಕೂರಿಗೆಯಲ್ಲಿ, ಕೈಯಲ್ಲಿ ಅಂಟಿದ ಪುಡಿ ಹಾಕದ ಪಟ್ಟಿಗೂ ಹೋಗುತ್ತದೆ.

ಬಿತ್ತಿ ತಿಂಗಳಾದ ಮೇಲೆ ಎರಡೂ ಕಡೆಯಿಂದ ಐದೈದು ಗಿಡ ಅಗೆದು ಪಕ್ಕಪಕ್ಕ ಇಡಿ. ಬೇರಿಗೆ ಅಂಟಿದ ಮಣ್ಣಿನ ಪದರ ಎಷ್ಟು ದಪ್ಪ? ತೊಳೆದ ಮೇಲೆ ಕವಲುಬೇರು ಎಷ್ಟು? ಗೋಧಿ, ಭತ್ತದಲ್ಲಿ ತೆಂಡೆ ಎಷ್ಟು? ಫೋಟೋ ತೆಗೆದಿಡಿ. ಮಳೆ ತಪ್ಪಿದ ದಿನಗಳಲ್ಲಿ ಮಧ್ಯಾಹ್ನ ಒಂದೇ ಹೊತ್ತಿಗೆ ಹೋಗಿ ಯಾವ ಪಟ್ಟಿಯ ಎಲೆ ಮೊದಲು ಸುತ್ತಿಕೊಂಡಿತು ಅಂತ ದಿನಾಂಕದ ಜೊತೆ ಬರೆಯಿರಿ. ಹಸಿರು ಜಾಸ್ತಿ ಕಂಡಿತು ಅನ್ನುವುದನ್ನೇ ನಂಬಿಕೊಂಡು ಕೂರಬೇಡಿ, ಕೊಯ್ಲಿನಲ್ಲಿ ಪ್ರತಿ ಪಟ್ಟಿಯ ಕಾಳನ್ನೂ ಬೇರೆ ಬೇರೆ ಒಕ್ಕಿ, ಒಂದೇ ಹದಕ್ಕೆ ಒಣಗಿಸಿ ತೂಗಿ.

ಮೂರು ಕಡೆಯೂ ಹಾಕಿದ ಪಟ್ಟಿಯೇ ಮುಂದಿದ್ದರೆ ಮುಂದಿನ ಹಂಗಾಮಿಗೆ ಅದೇ ತಳಿ ತನ್ನಿ. ಒಮ್ಮೆ ಹಾಕಿದ ಬ್ಯಾಕ್ಟೀರಿಯಾ ಬೆಳೆ ಮುಗಿದ ಮೇಲೆ ಮಣ್ಣಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ, ಹಾಗಾಗಿ ಪ್ರತಿ ಬಿತ್ತನೆಗೂ ಮತ್ತೆ ಹಚ್ಚಬೇಕು. ಒಂದು ಕಡೆ ಮುಂದೆ, ಎರಡು ಕಡೆ ಹಿಂದೆ ಅಂತಾದರೆ ಇನ್ನೊಂದು ಹಂಗಾಮು ಚಿಕ್ಕ ಪಟ್ಟಿಯಲ್ಲೇ ನೋಡಿ, ಇಲ್ಲವೇ ಬೇರೆ ತಳಿ ತಂದು ಹಂತ 4ರಿಂದ ಮತ್ತೆ ಶುರು ಮಾಡಿ.